ಒಗೆಯುವ ಯಂತ್ರ, ಹೊರುವ ಕೊಡ

ಗ್ರಾಮೀಣ ದುಡಿಮೆಯನ್ನು ಲೆಕ್ಕ ಹಾಕುವ ಪುಸ್ತಕಗಳಲ್ಲಿ ಉಳುಮೆಗೆ ಒಂದು ಕಲಂ ಇರುತ್ತದೆ, ನಾಟಿಗೆ ಒಂದು, ಕೊಯ್ಲಿಗೆ ಒಂದು, ಒಕ್ಕಣೆಗೆ ಇನ್ನೊಂದು. ಒಗೆಯುವ ಕಲ್ಲಿಗೆ ಮಾತ್ರ ಕಲಂ ಇಲ್ಲ. ಎಕರೆ ಗದ್ದೆಯ ನಾಟಿಗೆ ಎಷ್ಟು ಆಳು ಬೇಕೆಂಬುದನ್ನು ಥಟ್ಟನೆ ಹೇಳಬಲ್ಲ ರೈತನಿಗೂ ತನ್ನ ಮನೆಯ ಬಟ್ಟೆ ವಾರಕ್ಕೆ ಎಷ್ಟು ಕೊಡ ನೀರನ್ನು, ಯಾರ ಸೊಂಟದ ಎಷ್ಟು ಹೊತ್ತಿನ ಶ್ರಮವನ್ನು ಬೇಡುತ್ತದೆಂಬುದು ತಿಳಿದಿರುವುದಿಲ್ಲ. ಲೆಕ್ಕಕ್ಕೆ ಬಾರದ ದುಡಿಮೆಗೆ ಪರಿಹಾರವೆಂದು ಬರುವ ಯಂತ್ರವೂ ಲೆಕ್ಕವಿಲ್ಲದೆಯೇ ಬರುತ್ತದೆ. ಮಲೆನಾಡಿನ ಹಳ್ಳಿಗಳಿಗೆ ವಾಷಿಂಗ್ ಮಷೀನ್ ಬರುತ್ತಿರುವುದು ಹೀಗೆಯೇ.

ಅದು ಬರಬಾರದೆಂದು ವಾದಿಸುವುದು ಇಲ್ಲಿನ ಉದ್ದೇಶವಲ್ಲ. ಮಳೆಯಲ್ಲಿ ನೆನೆಯುತ್ತ, ಬಗ್ಗಿ ಬಟ್ಟೆ ಕುಕ್ಕುವ ಹೆಣ್ಣುಮಕ್ಕಳ ಬೆನ್ನಿನ ಮೇಲೆ ಪರಿಸರ ಪ್ರೀತಿಯ ಮಹಲು ಕಟ್ಟುವುದು ನ್ಯಾಯವಲ್ಲ. ಆದರೆ ಎಂತಹ ಯಂತ್ರ, ಎಲ್ಲಿಯ ನೀರು, ಯಾವ ಶಕ್ತಿ, ಕೆಟ್ಟರೆ ಯಾರ ದುರಸ್ತಿ ಎಂಬ ಪ್ರಶ್ನೆಗಳನ್ನು ಕೇಳದೆ ಕೊಂಡ ಯಂತ್ರ ಶ್ರಮವನ್ನು ಇಳಿಸುವ ಬದಲು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ವರ್ಗಾಯಿಸಬಹುದು. ಈ ಪ್ರಶ್ನೆಗಳನ್ನು ಕೇಳುವ ಬಗೆಯನ್ನು ಕಲಿಯಲು ಒಗೆಯುವ ಯಂತ್ರಕ್ಕೆ ಎಂಜಿನ್ ಮತ್ತು ಮೋಟಾರು ಬಂದ ಮೊದಲ ದಿನಗಳ ಚರಿತ್ರೆಯಷ್ಟು ಒಳ್ಳೆಯ ಪಾಠ ಬೇರೆ ಇಲ್ಲ. ಅಮೆರಿಕದ ಬಯಲುನಾಡಿನ ರೈತಾಪಿ ಊರುಗಳಲ್ಲಿ ಸುಮಾರು ನೂರು ವರ್ಷಗಳ ಹಿಂದೆ ನಡೆದ ಕಥೆಯಾದರೂ ಅದರ ಮೂಲ ಕೃಷಿಯಲ್ಲಿದೆ; ಅದರ ಕೊನೆ ಗುಡ್ಡಗಾಡಿನ ಬಾವಿಕಟ್ಟೆಯಲ್ಲಿದೆ.

ಮೊದಲು ಒಗೆತವೆಂದರೇನು ಎಂಬುದನ್ನು ಬಿಡಿಸಿ ನೋಡಬೇಕು. ಒಂದೇ ಹೆಸರಿನಿಂದ ಕರೆದರೂ ಅದು ನಾಲ್ಕು ಕೆಲಸಗಳ ಸರಣಿ. ನೀರು ತರುವುದು ಮೊದಲನೆಯದು. ಅದನ್ನು ಕಾಯಿಸುವುದು ಎರಡನೆಯದು. ಸಾಬೂನಿನ ನೀರು ನೂಲಿನ ಸಂದುಗಳ ಮೂಲಕ ಹಾದುಹೋಗುವಂತೆ ಬಟ್ಟೆಯನ್ನು ಕುಕ್ಕುವುದು, ಉಜ್ಜುವುದು, ಕಲಕುವುದು ಮೂರನೆಯದು. ಜಾಲಿಸಿ, ಹಿಂಡಿ, ಒಣಹಾಕುವುದು ನಾಲ್ಕನೆಯದು. ಸಾಬೂನಿನ ಅಣುವಿನ ಒಂದು ತುದಿ ನೀರಿಗೂ ಇನ್ನೊಂದು ತುದಿ ಜಿಡ್ಡಿಗೂ ಅಂಟಿಕೊಳ್ಳುವುದರಿಂದ ಕೊಳೆ ನೂಲಿನಿಂದ ಬಿಡಿಸಿಕೊಳ್ಳುತ್ತದೆ. ಆದರೆ ಬಿಡಿಸಿಕೊಂಡ ಕೊಳೆಯನ್ನು ಹೊರಗೆ ತರಲು ನೀರು ಚಲಿಸಲೇಬೇಕು. ಒಗೆಯುವ ಕಲ್ಲಿನ ಮೇಲೆ ಬಟ್ಟೆಯನ್ನು ಎತ್ತಿ ಬಡಿಯುವಾಗ ಆಗುವುದು ಇದೇ: ಪ್ರತಿ ಪೆಟ್ಟಿಗೂ ನೂಲಿನೊಳಗಿನ ನೀರು ಚಿಮ್ಮಿ ಹೊರಬರುತ್ತದೆ, ಮತ್ತೆ ಅದ್ದಿದಾಗ ಹೊಸ ನೀರು ಒಳಹೋಗುತ್ತದೆ. ಮೊದಲ ಯಂತ್ರಗಳನ್ನು ಕಟ್ಟಿದವರು ಕೈಹಾಕಿದ್ದು ಈ ಮೂರನೆಯ ಕೆಲಸಕ್ಕೆ, ನಂತರ ನಾಲ್ಕನೆಯದರ ಒಂದು ಭಾಗಕ್ಕೆ. ಮೊದಲ ಎರಡು ಬಹುಕಾಲ ಹೆಂಗಸರ ಪಾಲಿಗೇ ಉಳಿದವು. ಮುಂದಿನ ಕಥೆಯಲ್ಲಿ ಈ ಅಂಶವನ್ನು ಮರೆಯಬಾರದು.

ಕೈಯಿಂದ ತಿರುಗಿಸುವ ಒಗೆಯುವ ಯಂತ್ರಗಳು ಎಂಜಿನ್‌ಗಳಿಗಿಂತ ಹಳೆಯವು. ಜರ್ಮನಿಯ ರೇಗೆನ್ಸ್‌ಬರ್ಗ್ ಪಟ್ಟಣದ ಪಾದ್ರಿ, ನಿಸರ್ಗ ವಿಜ್ಞಾನಿ ಯಾಕೋಬ್ ಕ್ರಿಶ್ಚಿಯನ್ ಶೆಫರ್ 1767ರಲ್ಲೇ ಅಂತಹದೊಂದು ಯಂತ್ರದ ವಿವರವನ್ನು ಅಚ್ಚು ಹಾಕಿಸಿದ್ದರು. 19ನೆಯ ಶತಮಾನದ ಅಮೆರಿಕದಲ್ಲಿ ಇಂತಹ ಯಂತ್ರಗಳಿಗೆ ಪೇಟೆಂಟುಗಳ ಸುರಿಮಳೆಯೇ ಆಯಿತು. ಹೆಚ್ಚಿನವುಗಳ ರಚನೆ ಸರಳ: ಕಬ್ಬಿಣದ ಪಟ್ಟಿ ಬಿಗಿದ ಮರದ ಬಾನಿ, ಅದರ ಮುಚ್ಚಳದಿಂದ ಕೆಳಕ್ಕೆ ಇಳಿಬಿದ್ದ ದಂಡ, ದಂಡದ ತುದಿಯಲ್ಲಿ ಹಾಲು ಕರೆಯುವಾಗ ಕೂರುವ ಮಣೆಗೆ ಕಾಲಿಟ್ಟಂತೆ ಕಾಣುವ ನಾಲ್ಕೈದು ಮರದ ಗೂಟಗಳು. ಮೇಲಿನ ಹಿಡಿಯನ್ನು ಅತ್ತಿತ್ತ ಆಡಿಸಿದರೆ ಗೂಟಗಳು ಬಟ್ಟೆಯನ್ನು ಹಿಡಿದು ನೀರಿನಲ್ಲಿ ಎಳೆದಾಡುತ್ತಿದ್ದವು. ಬಟ್ಟೆ ಒಗೆಯುವವಳ ಕೈ ಬಿಸಿನೀರಿನಿಂದ ಹೊರಬಂದಿತು. ರಟ್ಟೆಯ ಶ್ರಮ ಹಾಗೆಯೇ ಉಳಿಯಿತು.

ಇಲ್ಲಿ 'ಅತ್ತಿತ್ತ' ಎಂಬ ಮಾತಿನಲ್ಲಿಯೇ ಒಗೆಯುವ ಯಂತ್ರದ ಮರ್ಮವಿದೆ. ಮಜ್ಜಿಗೆ ಕಡೆಯುವ ಕಡಗೋಲನ್ನು ನೆನೆದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಹಗ್ಗದ ಒಂದು ತುದಿಯನ್ನೆಳೆದಾಗ ಕಡಗೋಲು ಬಲಕ್ಕೆ ತಿರುಗುತ್ತದೆ, ಇನ್ನೊಂದು ತುದಿಯನ್ನೆಳೆದಾಗ ಎಡಕ್ಕೆ. ಒಂದೇ ದಿಕ್ಕಿಗೆ ತಿರುಗಿಸುತ್ತ ಹೋದರೆ ಮೊಸರೂ ಅದರೊಡನೆ ಸುತ್ತತೊಡಗುತ್ತದೆ, ಕಡೆತ ನಿಲ್ಲುತ್ತದೆ. ಬಟ್ಟೆಯ ಬಾನಿಯಲ್ಲಿಯೂ ಹಾಗೆಯೇ. ಒಂದೇ ದಿಕ್ಕಿಗೆ ಸುತ್ತಿಸಿದರೆ ನೀರೂ ಬಟ್ಟೆಯೂ ಜೊತೆಯಾಗಿ ಸುತ್ತುತ್ತವೆ. ನೀರು ಬಟ್ಟೆಯನ್ನು ಹಾದುಹೋಗುವುದಿಲ್ಲ. ಸಾಲದ್ದಕ್ಕೆ ಸೀರೆ, ಪಂಚೆಗಳು ಹಗ್ಗದಂತೆ ಹೊಸೆದುಕೊಂಡು ಉಂಡೆಯಾಗುತ್ತವೆ. ದಿಕ್ಕು ಬದಲಾದ ಪ್ರತಿ ಕ್ಷಣದಲ್ಲಿ ನೀರು ಒಂದು ಕಡೆಗೆ, ಬಟ್ಟೆ ಇನ್ನೊಂದು ಕಡೆಗೆ ಹೋಗಲೆಳಸುತ್ತದೆ. ಕೊಳೆ ಹೊರಬರುವುದು ಆ ಕ್ಷಣದಲ್ಲಿ.

ಕೈಗೆ ಅತ್ತಿತ್ತ ಆಡುವುದು ಸಹಜ. ಎಂಜಿನ್ನಿಗೂ ವಿದ್ಯುತ್ ಮೋಟಾರಿಗೂ ಅದು ಸಹಜವಲ್ಲ. ಅವು ಒಂದೇ ದಿಕ್ಕಿಗೆ, ಬಹು ವೇಗವಾಗಿ ತಿರುಗುತ್ತವೆ. ನಿಮಿಷಕ್ಕೆ ಸಾವಿರಕ್ಕೂ ಮಿಕ್ಕಿ ಸುತ್ತುವ ಮೋಟಾರಿನ ಓಟವನ್ನು ತಗ್ಗಿಸಿ, ಅದನ್ನು ಕಡಗೋಲಿನ ಆಟವನ್ನಾಗಿ ಮಾರ್ಪಡಿಸುವುದೇ ಮೊದಲ ವಿನ್ಯಾಸಕಾರರ ಮುಂದಿದ್ದ ಸವಾಲು. ಅದಕ್ಕೆ ಅವರು ಬಳಸಿದ ಉಪಾಯಗಳು ರೈತರಿಗೆ ಪರಿಚಿತವಾದವೇ. ಸಣ್ಣ ಚಕ್ರದಿಂದ ದೊಡ್ಡ ಚಕ್ರಕ್ಕೆ ಬೆಲ್ಟ್ ಹಾಕಿ ವೇಗವನ್ನು ಇಳಿಸಲಾಯಿತು. ದೊಡ್ಡ ಚಕ್ರದ ಅಂಚಿನ ಬಳಿಯ ಗೂಟಕ್ಕೆ ಒಂದು ಸಲಾಕೆಯನ್ನು ಸಿಕ್ಕಿಸಲಾಯಿತು. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಸಲಾಕೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಹೋಗಿಬರುತ್ತದೆ. ಸಲಾಕೆಯ ಇನ್ನೊಂದು ತುದಿಯಲ್ಲಿ ಹಲ್ಲುಗಳಿರುವ ಪಟ್ಟಿ ಅಥವಾ ಬೀಸಣಿಗೆಯ ಆಕಾರದ ಹಲ್ಲುಚಕ್ರದ ತುಂಡು ಇರುತ್ತದೆ. ಅದು ದಂಡದ ಬುಡದ ಸಣ್ಣ ಹಲ್ಲುಚಕ್ರವನ್ನು ಅರ್ಧ ಸುತ್ತು ಅತ್ತ, ಅರ್ಧ ಸುತ್ತು ಇತ್ತ ಹೊರಳಿಸುತ್ತದೆ. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರದಲ್ಲಿ ಪಾದದ ಮೇಲುಕೆಳಗಿನ ಆಟ ಚಕ್ರದ ಸುತ್ತಾಗುತ್ತದಲ್ಲವೇ? ಇಲ್ಲಿ ಆಗುವುದು ಅದರ ತಿರುವುಮುರುವು.

ಈ ರಚನೆಯ ದುರ್ಬಲ ಸ್ಥಳವೂ ಅಲ್ಲಿಯೇ ಇದೆ. ನೀರು ಕುಡಿದು ಭಾರವಾದ ಬಟ್ಟೆಯ ಹೊರೆಯನ್ನು ನಿಮಿಷಕ್ಕೆ ಹತ್ತಾರು ಬಾರಿ ನಿಲ್ಲಿಸಿ, ಹಿಂದಕ್ಕೆ ತಿರುಗಿಸುವಾಗ ಪ್ರತಿ ಬಾರಿಯೂ ಹಲ್ಲುಗಳಿಗೆ ಪೆಟ್ಟು ಬೀಳುತ್ತದೆ. 1911ರಲ್ಲಿ ಮಿಷಿಗನ್ ರಾಜ್ಯದಲ್ಲಿ ಆರಂಭವಾದ ಅಪ್ಟನ್ ಮಷೀನ್ ಕಂಪನಿಗೆ ಮೊದಲ ದೊಡ್ಡ ಬೇಡಿಕೆ ಬಂದದ್ದು 100 ವಿದ್ಯುತ್ ಯಂತ್ರಗಳಿಗೆ. ಅವುಗಳ ಎರಕದ ಕಬ್ಬಿಣದ ಹಲ್ಲುಚಕ್ರಗಳು ಸೋತವು. ಕಂಪನಿ ಅವನ್ನು ತೆಗೆದು, ಕೊರೆದು ಮಾಡಿದ ಉಕ್ಕಿನ ಹಲ್ಲುಚಕ್ರಗಳನ್ನು ಹಾಕಿಕೊಟ್ಟಿತು. ಕೊಂಡವರು ಮೆಚ್ಚಿ ಬೇಡಿಕೆಯನ್ನು ಇಮ್ಮಡಿಗೊಳಿಸಿದರು. ಮುಂದೆ ವರ್ಲ್‌ಪೂಲ್ ಎಂದು ಹೆಸರಾದ ಕಂಪನಿಯ ಬೇರು ಇದು. ಎರಕದ ಕಬ್ಬಿಣ ಭಾರವನ್ನು ಹೊರುತ್ತದೆ, ಪೆಟ್ಟನ್ನು ತಾಳುವುದಿಲ್ಲ ಎಂಬುದು ಕುಲುಮೆಯ ಕಮ್ಮಾರನಿಗೆ ಗೊತ್ತಿದ್ದ ಸಂಗತಿಯೇ. ಕಾರ್ಖಾನೆಗೆ ಅದನ್ನು ಕಲಿಸಿದ್ದು ಬಟ್ಟೆಯ ಬಾನಿ.

ಕೃಷಿಯ ನಂಟು ಇನ್ನೂ ನಿಚ್ಚಳವಾಗಿ ಕಾಣುವುದು ಅಯೋವಾ ರಾಜ್ಯದ ನ್ಯೂಟನ್ ಎಂಬ ಊರಿನಲ್ಲಿ. 1893ರಲ್ಲಿ ಫ್ರೆಡರಿಕ್ ಮೇಟ್ಯಾಗ್ ಮತ್ತು ಜೊತೆಗಾರರು ಅಲ್ಲಿ ಕಟ್ಟಿದ ಕಾರ್ಖಾನೆ ತಯಾರಿಸುತ್ತಿದ್ದುದು ಸಿವುಡಿನ ಕಟ್ಟನ್ನು ಕತ್ತರಿಸಿ ಒಕ್ಕಣೆ ಯಂತ್ರದ ಬಾಯಿಗೆ ತಾನಾಗಿ ಉಣಿಸುವ ಸಾಧನವನ್ನು. ಒಕ್ಕಣೆಯ ಕಾಲ ಮುಗಿದ ಮೇಲೆ ಅದನ್ನು ಕೇಳುವವರಿಲ್ಲ. ವರ್ಷದ ಬಹುಭಾಗ ಕಾರ್ಖಾನೆಯ ಲೇತ್‌ಗಳೂ ಆಳುಗಳೂ ಖಾಲಿ. ಈ ಬಿಡುವನ್ನು ತುಂಬಲು 1907ರಲ್ಲಿ ಅವರು ಒಗೆಯುವ ಯಂತ್ರವನ್ನು ಮಾಡತೊಡಗಿದರು. ಮೊದಲನೆಯದು ಕೈಯಿಂದ ತಿರುಗಿಸುವ ಮರದ ಬಾನಿ. ಅದರ ಒಳಗೋಡೆಗೆ ಗೀರುಗಳನ್ನು ಕೊರೆದಿದ್ದರು. ಗೂಟಗಳು ಎಳೆದಾಡಿದ ಬಟ್ಟೆ ಆ ಗೀರುಗಳಿಗೆ ಉಜ್ಜಿಕೊಳ್ಳುತ್ತಿತ್ತು. ಕಲ್ಲಿನ ಕೆಲಸವನ್ನು ಮರಕ್ಕೆ ವಹಿಸಿದಂತೆ.

1909ರ ಹೊತ್ತಿಗೆ ಅದೇ ಬಾನಿಗೆ ಒಂದು ಪುಲ್ಲಿ ಬಂತು. ಮೇಲ್ನೋಟಕ್ಕೆ ಅಲ್ಪವೆನಿಸುವ ಈ ಬದಲಾವಣೆಯಲ್ಲಿ ದೊಡ್ಡ ವಿವೇಕವಿತ್ತು. ಆ ಕಾಲದ ಅಮೆರಿಕದ ಅನೇಕ ರೈತರ ಬಳಿ ಸಣ್ಣ ಎಂಜಿನ್ ಆಗಲೇ ಇತ್ತು. ಕಾಳು ಬೀಸಲು, ನೀರೆತ್ತಲು, ಸೌದೆ ಕೊಯ್ಯಲು ಅದಕ್ಕೆ ಬೆಲ್ಟ್ ಹಾಕುತ್ತಿದ್ದರು. ಬಾನಿಗೂ ಒಂದು ಪುಲ್ಲಿ ಇದ್ದರೆ ಹೊಸ ಎಂಜಿನ್ ಕೊಳ್ಳುವ ಅಗತ್ಯವಿಲ್ಲ. ಇದ್ದ ಶಕ್ತಿಗೇ ಇನ್ನೊಂದು ಕೆಲಸ. ಅದಕ್ಕೆ ಕಂಪನಿ ಇಟ್ಟ ಹೆಸರಿನ ಅರ್ಥ 'ಸಂಬಳದ ಹುಡುಗಿ'. ಬಟ್ಟೆ ಒಗೆಯಲು ಬರುತ್ತಿದ್ದ ಬಡ ಹೆಣ್ಣುಮಕ್ಕಳ ಜಾಗದಲ್ಲಿ ಯಂತ್ರ ನಿಂತಿತೆಂಬುದನ್ನು ಮುಚ್ಚುಮರೆಯಿಲ್ಲದೆ ಸಾರಿದ ಹೆಸರು ಅದು. 1911ರಲ್ಲಿ ವಿದ್ಯುತ್ ಮೋಟಾರಿನ ಮಾದರಿ ಬಂತು. ಆದರೆ ವಿದ್ಯುತ್ ಪಟ್ಟಣಗಳನ್ನು ದಾಟಿರಲಿಲ್ಲ. ಆದ್ದರಿಂದ 1910ರ ದಶಕದ ನಡುವೆ ಅದೇ ಕಂಪನಿ ಬಾನಿಯ ಕೆಳಗೇ ಕೂರುವ ಸಣ್ಣ ಪೆಟ್ರೋಲ್ ಎಂಜಿನ್ನನ್ನು ಮಾಡಿತು. ಹೆಂಗಸರು ಕಾಲಿನಿಂದ ತುಳಿದು ಅದನ್ನು ಚಾಲೂ ಮಾಡಬಹುದಿತ್ತು. ಹೊಗೆಯನ್ನು ಬಾಗುವ ಲೋಹದ ಕೊಳವೆಯ ಮೂಲಕ ಮನೆಯಿಂದಾಚೆಗೆ ಬಿಡಲಾಗುತ್ತಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೂ ಕೆಲವು ವರ್ಷ ಈ ಎಂಜಿನ್‌ಗಳು ತಯಾರಾಗುತ್ತಿದ್ದವು.

ಕೈ, ಪುಲ್ಲಿ, ಮೋಟಾರು, ಎಂಜಿನ್ ಎಂಬ ಈ ನಾಲ್ಕು ಹೆಜ್ಜೆಗಳಲ್ಲಿ ಒಂದು ಧೋರಣೆ ಎದ್ದು ಕಾಣುತ್ತದೆ. ಮನೆಯಲ್ಲಿ ಯಾವ ಶಕ್ತಿ ಇದೆಯೋ ಅದನ್ನು ಕೇಳಿ ತಿಳಿದು, ಯಂತ್ರವನ್ನು ಅದಕ್ಕೆ ಹೊಂದಿಸಲಾಯಿತು. ಪಟ್ಟಣದ ನಲ್ಲಿಗೆ ಜೋಡಿಸುವ ನೀರಿನ ಮೋಟಾರುಗಳೂ ಆಗ ಮಾರಾಟಕ್ಕಿದ್ದವು. ನಲ್ಲಿಯ ಒತ್ತಡದಿಂದ ಸಣ್ಣ ಚಕ್ರವನ್ನೋ ಕೊಂತವನ್ನೋ ಆಡಿಸಿ, ಆ ಬಲದಿಂದ ಬಾನಿಯ ದಂಡವನ್ನು ತಿರುಗಿಸುವ ಉಪಕರಣ ಅದು. ಬಟ್ಟೆಗೆ ಬೇಕಾದದ್ದಕ್ಕಿಂತ ಹೆಚ್ಚು ನೀರನ್ನು ಚರಂಡಿಗೆ ಸುರಿಯುತ್ತಿದ್ದುದರಿಂದ ಪಟ್ಟಣದಲ್ಲಿ ಅದು ಬಾಳಲಿಲ್ಲ. ಗುಡ್ಡದ ಅಬ್ಬಿಯಿಂದ ದಂಬೆಯಲ್ಲಿ ಹರಿದುಬಂದು, ಬಳಕೆಯಾಗಿ, ತೋಟಕ್ಕೆ ಇಳಿಯುವ ನೀರಿನ ಬಳಿಯಲ್ಲಿ ಬಾಳುವ ವಿದ್ಯಾರ್ಥಿಗಳು ಮಾತ್ರ ಈ ಮರೆತ ಉಪಕರಣದ ಬಗ್ಗೆ ಇನ್ನೊಮ್ಮೆ ಯೋಚಿಸಬಹುದು.

ಇದೇ ಕಾಲದಲ್ಲಿ ಷಿಕಾಗೋದ ಹರ್ಲಿ ಕಂಪನಿ 'ಥಾರ್' ಎಂಬ ಯಂತ್ರವನ್ನು ತಂದಿತು. ಅದರಲ್ಲಿ ಗೂಟಗಳಿಲ್ಲ, ಬಟ್ಟೆಯನ್ನು ತುಂಬಿದ ತೂತುಗಳುಳ್ಳ ಪೀಪಾಯಿ ನೀರಿನ ತೊಟ್ಟಿಯೊಳಗೆ ಮಲಗಿ ಉರುಳುತ್ತದೆ. ಅದರ ಚಾಲನಾ ವ್ಯವಸ್ಥೆಗೆ ಆಲ್ವಾ ಫಿಶರ್ ಅವರಿಗೆ 1910ರ ಆಗಸ್ಟ್ 9ರಂದು ಪೇಟೆಂಟು ದೊರೆಯಿತು. ಕೆಲವು ಸುತ್ತು ಒಂದು ದಿಕ್ಕಿಗೆ, ಕೆಲವು ಸುತ್ತು ವಿರುದ್ಧ ದಿಕ್ಕಿಗೆ ಪೀಪಾಯಿಯನ್ನು ತಾನಾಗಿ ಉರುಳಿಸುವುದು ಅದರ ಹೆಚ್ಚುಗಾರಿಕೆ. ಕಡಗೋಲಿನ ಸೂತ್ರವೇ ಇನ್ನೊಂದು ವೇಷದಲ್ಲಿ. ವಿದ್ಯುತ್ ಒಗೆಯುವ ಯಂತ್ರವನ್ನು ಕಂಡುಹಿಡಿದವರು ಫಿಶರ್ ಎಂದು ಅನೇಕ ಪುಸ್ತಕಗಳು ಬರೆದಿವೆ. ಅದಕ್ಕೂ ಮೊದಲೇ ವಿದ್ಯುತ್ ಯಂತ್ರಗಳ ಜಾಹೀರಾತುಗಳು ಪತ್ರಿಕೆಗಳಲ್ಲಿ ಬಂದಿದ್ದವು. ಇಂತಹ ಯಂತ್ರಗಳು ಒಬ್ಬರ ತಲೆಯಿಂದ ಹುಟ್ಟುವುದಿಲ್ಲ; ಹತ್ತಾರು ಕಮ್ಮಟಗಳಲ್ಲಿ ನೂರಾರು ಕೈಗಳ ತಿದ್ದುಪಡಿಯಿಂದ ರೂಪುಗೊಳ್ಳುತ್ತವೆ.

ತಿದ್ದುಪಡಿಯ ಅಗತ್ಯವೂ ಇತ್ತು. ಮೊದಲ ವಿದ್ಯುತ್ ಯಂತ್ರಗಳಲ್ಲಿ ಮೋಟಾರನ್ನು ಬಾನಿಯ ಕೆಳಗೆ ಬರಿದಾಗಿ ಕಟ್ಟಿರುತ್ತಿದ್ದರು. ಮರದ ಬಾನಿ ಒಣಗಿದರೆ ಹಲಗೆಗಳು ಕುಗ್ಗಿ ಸಂದು ಬಿಡುತ್ತವೆ. ನೀರು ಮೋಟಾರಿನ ಮೇಲೆ ತೊಟ್ಟಿಕ್ಕುತ್ತದೆ. ಒದ್ದೆ ನೆಲ, ಒದ್ದೆ ಕೈ, ವಿದ್ಯುತ್ ಇವು ಮೂರೂ ಕೂಡಿದಲ್ಲಿ ಅಪಾಯವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಬೆಲ್ಟು, ಹಲ್ಲುಚಕ್ರಗಳಿಗೆ ಹೊದಿಕೆಯಿರಲಿಲ್ಲ. ಎಲ್ಲಕ್ಕಿಂತ ಕ್ರೂರವಾದದ್ದು ಹಿಂಡುವ ರೋಲರುಗಳು. ಆಲೆಮನೆಯ ಕಬ್ಬಿನ ಗಾಣದಂತೆ ಎರಡು ರಬ್ಬರ್ ಉರುಳೆಗಳ ನಡುವೆ ಒದ್ದೆ ಬಟ್ಟೆಯನ್ನು ಉಣಿಸಿದರೆ ಅತ್ತಣಿಂದ ಚಪ್ಪಟೆಯಾಗಿ ಹೊರಬರುತ್ತದೆ. ಕೈಯಿಂದ ತಿರುಗಿಸುವಾಗ ಬೆರಳು ಸಿಕ್ಕರೆ ತಿರುಗಿಸುವ ಕೈಯೇ ನಿಲ್ಲುತ್ತದೆ, ಮೋಟಾರು ನಿಲ್ಲುವುದಿಲ್ಲ. ಬೆರಳು, ಅಂಗೈ, ಮೊಣಕೈಯವರೆಗೂ ಸೆಳೆದುಕೊಂಡ ಪ್ರಕರಣಗಳು, ಅದರಲ್ಲೂ ಮಕ್ಕಳವು, ಎಷ್ಟೆಂದರೆ ಅಲ್ಲಿನ ವೈದ್ಯರು ಈ ಗಾಯಕ್ಕೆ ಪ್ರತ್ಯೇಕ ಹೆಸರನ್ನೇ ಇಟ್ಟಿದ್ದರು. ತಟ್ಟಿದೊಡನೆ ಉರುಳೆಗಳು ಬಿಡಿಸಿಕೊಳ್ಳುವ ಸುರಕ್ಷಾ ಪಟ್ಟಿಗಳು ಕ್ರಮೇಣ ಬಂದವು. ಒಕ್ಕಣೆ ಯಂತ್ರದ ಬಾಯಿಯಿಂದ ಆಳಿನ ಕೈಯನ್ನು ದೂರವಿಡುವ ಸಾಧನದಿಂದ ಬದುಕು ಕಟ್ಟಿಕೊಂಡ ಉದ್ಯಮವೇ ಮನೆಯೊಳಗೆ ಹೊಸದೊಂದು ಬಾಯನ್ನು ತೆರೆದಿಟ್ಟದ್ದು ಯಂತ್ರಗಳ ಚರಿತ್ರೆಯ ವಿಪರ್ಯಾಸ.

1919ರಲ್ಲಿ ಮೇಟ್ಯಾಗ್ ಮರದ ಬದಲು ಎರಕದ ಅಲ್ಯೂಮಿನಿಯಂ ಬಾನಿಯನ್ನು ತಂದಿತು. 1922ರಲ್ಲಿ ಅದೇ ಕಂಪನಿಯ ಹೊವರ್ಡ್ ಸ್ನೈಡರ್ ಅವರ ಕೈಯಲ್ಲಿ ಇನ್ನೂ ಮಹತ್ವದ ಬದಲಾವಣೆಯಾಯಿತು. ಮುಚ್ಚಳದಿಂದ ಇಳಿಬಿದ್ದ ಗೂಟಗಳನ್ನು ತೆಗೆದು, ಬಾನಿಯ ತಳದಲ್ಲಿ ರೆಕ್ಕೆಗಳುಳ್ಳ ಕಡಗೋಲನ್ನು ಕೂರಿಸಲಾಯಿತು. ಗೂಟಗಳು ಬಟ್ಟೆಯನ್ನು ಹಿಡಿದು ನೀರಿನಲ್ಲಿ ಎಳೆಯುತ್ತಿದ್ದವು; ರೆಕ್ಕೆಗಳು ನೀರನ್ನು ತಳ್ಳಿ ಬಟ್ಟೆಯ ಮೂಲಕ ಹಾಯಿಸುತ್ತವೆ. ಬಟ್ಟೆ ಹರಿಯುವುದು ಕಡಿಮೆಯಾಯಿತು, ಮುಚ್ಚಳ ಹಗುರಾಯಿತು. ತಳದಿಂದ ದಂಡ ಬಂದರೆ ನೀರು ಸೋರದೇ ಎಂಬ ಪ್ರಶ್ನೆಗೆ ಅನೇಕ ಯಂತ್ರಗಳಲ್ಲಿ ಕಂಡುಕೊಂಡ ಉತ್ತರ ಚೆಂದದ್ದು: ಬಾನಿಯ ನಡುವೆ ನೀರಿನ ಮಟ್ಟಕ್ಕಿಂತ ಎತ್ತರದ ಕೊಳವೆಯೊಂದನ್ನು ನಿಲ್ಲಿಸಿ, ದಂಡವನ್ನು ಅದರೊಳಗಿನಿಂದ ಮೇಲಕ್ಕೆ ತಂದು, ಕಡಗೋಲನ್ನು ಟೊಪ್ಪಿಗೆಯಂತೆ ಮೇಲಿನಿಂದ ತೊಡಿಸುವುದು. ನೀರು ಕೊಳವೆಯ ಬಾಯಿಗೆ ಏರುವುದೇ ಇಲ್ಲವಾದ್ದರಿಂದ ಸೋರಿಕೆಯ ಮಾತೇ ಇಲ್ಲ. ಹೆಚ್ಚು ಬಿಗಿಯಾದ ರಬ್ಬರನ್ನು ಹುಡುಕುವ ಬದಲು ಸಮಸ್ಯೆಯೇ ಏಳದಂತೆ ಆಕಾರವನ್ನು ಬದಲಿಸುವುದು ಒಳ್ಳೆಯ ವಿನ್ಯಾಸದ ಗುಣ.

ಹಿಂಡುವ ರೋಲರಿನ ಯಂತ್ರಗಳಿಗೆ ಇನ್ನೊಂದು ಗುಣವಿತ್ತು. ಪರಿಸರದ ದೃಷ್ಟಿಯಿಂದ ಅದೇ ದೊಡ್ಡದು. ಬಟ್ಟೆಯಿಂದ ಹಿಂಡಿದ ಸಾಬೂನು ನೀರು ಮರಳಿ ಬಾನಿಗೇ ಬೀಳುತ್ತಿತ್ತು. ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದವು, ಕೊನೆಗೆ ಹೊಲದ ಕೆಲಸದ ಬಟ್ಟೆ ಎಂಬ ಕ್ರಮದಲ್ಲಿ ಒಂದೇ ಬಾನಿ ನೀರು ಮೂರು ನಾಲ್ಕು ಹೊರೆಗೆ ಬರುತ್ತಿತ್ತು. ರೋಲರನ್ನು ಪಕ್ಕಕ್ಕೆ ತಿರುಗಿಸಿ, ಜಾಲಿಸುವ ತೊಟ್ಟಿಯಿಂದಲೂ ಅದೇ ರೀತಿ ಹಿಂಡಬಹುದಿತ್ತು. ನೀರನ್ನು ಹೊತ್ತು ತಂದು ಕಾಯಿಸಿದವರಿಗೆ ಅದರ ಬೆಲೆ ಗೊತ್ತು. ಅವರ ಕಾಲದ ಯಂತ್ರಕ್ಕೂ ಗೊತ್ತಿತ್ತು.

ಆದರೆ ಹೊತ್ತು ತರುವುದು ತಪ್ಪಿರಲಿಲ್ಲ. 1930ರ ದಶಕದ ಮಧ್ಯದಲ್ಲಿ ಅಮೆರಿಕದ ರೈತರ ಮನೆಗಳಲ್ಲಿ ಹತ್ತಕ್ಕೆ ಒಂದರಲ್ಲಿ ಮಾತ್ರ ವಿದ್ಯುತ್ ಇತ್ತು. ಅದನ್ನು ಹಳ್ಳಿಗೊಯ್ಯಲು 1935ರಲ್ಲಿ ಅಲ್ಲಿನ ಸರ್ಕಾರ ಗ್ರಾಮೀಣ ವಿದ್ಯುದೀಕರಣ ಆಡಳಿತವನ್ನು ಸ್ಥಾಪಿಸಿತು. ಟೆಕ್ಸಾಸ್ ರಾಜ್ಯದ ಗುಡ್ಡಗಾಡಿನ ಹೆಂಗಸರ ಅಂದಿನ ಬಾಳನ್ನು ರಾಬರ್ಟ್ ಕ್ಯಾರೋ 1982ರಲ್ಲಿ ಪ್ರಕಟವಾದ 'ದಿ ಪಾತ್ ಟು ಪವರ್' ಗ್ರಂಥದಲ್ಲಿ ದಾಖಲಿಸಿದ್ದಾರೆ. ರೈತ ಕುಟುಂಬಗಳ ಬಗ್ಗೆ ಅಲ್ಲಿನ ಕೃಷಿ ಇಲಾಖೆ ನಡೆಸಿದ ಅಧ್ಯಯನವೊಂದನ್ನು ಅವರು ಉಲ್ಲೇಖಿಸುತ್ತಾರೆ: ಬಾವಿ ಮನೆಯಿಂದ ಸರಾಸರಿ 253 ಅಡಿ ದೂರದಲ್ಲಿತ್ತು, ಐದು ಜನರ ಕುಟುಂಬಕ್ಕೆ ಬೇಕಾದ ನೀರನ್ನು ಕೈಯಿಂದ ಸೇದಿ ಹೊತ್ತು ತರಲು ವರ್ಷಕ್ಕೆ 1,750 ಮೈಲಿ ನಡೆಯಬೇಕಾಗಿತ್ತು. 253 ಅಡಿ ಎಂದರೆ ಅಂಗಳದಾಚೆಗಿನ ಒಂದು ಕೂಗಳತೆಯೂ ಅಲ್ಲ. ಆ ಸಣ್ಣ ದೂರವೇ ದಿನದಿನವೂ ಕೂಡಿ ವರ್ಷಕ್ಕೆ 2,800 ಕಿಲೋಮೀಟರ್ ಆಗುತ್ತದೆ. ಅಂತಹ ಮನೆಗೆ ಎಂಜಿನ್ನಿನ ಬಾನಿಯನ್ನು ತಂದಿಟ್ಟರೂ ಅದು ಉಳಿಸುವುದು ರಟ್ಟೆಯನ್ನು, ಕಾಲನ್ನಲ್ಲ. ಆ ಹೆಂಗಸರ ಪಾಲಿಗೆ ನಿಜವಾದ ಒಗೆಯುವ ಯಂತ್ರ ಬಾವಿಗೆ ಕೂರಿಸಿದ ಪಂಪಾಗಿತ್ತು.

ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರ 'ಮೋರ್ ವರ್ಕ್ ಫಾರ್ ಮದರ್' ಗ್ರಂಥದಲ್ಲಿ ಇನ್ನೊಂದು ಮಗ್ಗುಲನ್ನು ತೋರಿಸಿದರು. ಯಂತ್ರಗಳು ಬಂದ ಮೇಲೆ ಮನೆಗೆಲಸದ ಭಾರ ಇಳಿಯಿತು, ಹೊತ್ತು ಇಳಿಯಲಿಲ್ಲ. ಹಿಂದೆ ಒಗೆಯುವವರಿಗೋ ಲಾಂಡ್ರಿಗೋ ಹೋಗುತ್ತಿದ್ದ ಬಟ್ಟೆ ಮನೆಗೆ ಮರಳಿ ಗೃಹಿಣಿಯೊಬ್ಬಳ ಪಾಲಿಗೆ ಬಿತ್ತು. ವಾರಕ್ಕೊಮ್ಮೆ ಬದಲಿಸುತ್ತಿದ್ದ ಬಟ್ಟೆಯನ್ನು ದಿನವೂ ಬದಲಿಸುವುದು ಶುಭ್ರತೆಯ ಲಕ್ಷಣವಾಯಿತು. ಮಡಿವಾಳರ ಮನೆಗೆ ಬಟ್ಟೆ ಹೋಗುತ್ತಿದ್ದ ಊರುಗಳಲ್ಲಿಯೂ ಇಂತಹ ಬದಲಾವಣೆಯನ್ನು ಗುರುತಿಸಬಹುದು. ಜಾತಿಯ ಕಟ್ಟಿನಿಂದ ಆ ದುಡಿಮೆ ಬಿಡುಗಡೆಯಾಗಬೇಕಾದದ್ದು ನ್ಯಾಯವೇ. ಬಿಡುಗಡೆಯ ಜೊತೆಗೆ ಬೇರೆ ಜೀವನೋಪಾಯ ಒದಗಿತೇ, ಮನೆಯೊಳಗೆ ಆ ಹೊರೆಯನ್ನು ಗಂಡಸರೂ ಹಂಚಿಕೊಂಡರೇ ಎಂಬುದನ್ನು ಮಾತ್ರ ಯಾರೂ ಕೇಳಲಿಲ್ಲ.

1937ರಲ್ಲಿ ಬೆಂಡಿಕ್ಸ್ ಕಂಪನಿಯ ಸ್ವಯಂಚಾಲಿತ ಯಂತ್ರ ಬಂದಾಗ ಧೋರಣೆಯೇ ತಲೆಕೆಳಗಾಯಿತು. ನೀರು ತುಂಬುವುದು, ಒಗೆಯುವುದು, ಜಾಲಿಸುವುದು, ಸುತ್ತಿ ಹಿಂಡುವುದು ಎಲ್ಲವೂ ತಾನಾಗಿ. ಆದರೆ ಆ ಯಂತ್ರಕ್ಕೆ ಒತ್ತಡದ ನಲ್ಲಿ ಬೇಕು, ಬಿಸಿನೀರಿನ ಕೊಳವೆ ಬೇಕು, ಚರಂಡಿ ಬೇಕು, ನಡುಗದಂತೆ ಬೋಲ್ಟು ಬಿಗಿಯಲು ಗಟ್ಟಿ ನೆಲ ಬೇಕು. ಅದುವರೆಗೆ ಯಂತ್ರ ಮನೆಗೆ ಹೊಂದಿಕೊಂಡಿತ್ತು. ಇನ್ನು ಮುಂದೆ ಮನೆ ಯಂತ್ರಕ್ಕೆ ಹೊಂದಿಕೊಳ್ಳಬೇಕಾಯಿತು. ಒಂದೇ ನೀರನ್ನು ಮೂರು ಹೊರೆಗೆ ಬಳಸುವ ಮಿತವ್ಯಯವೂ ಅಲ್ಲಿಗೆ ಮುಗಿಯಿತು. ಒಕ್ಕಣೆ ಸಾಧನದಿಂದ ಆರಂಭವಾದ ನ್ಯೂಟನ್ನಿನ ಕಂಪನಿಯನ್ನು ವರ್ಲ್‌ಪೂಲ್ 2006ರಲ್ಲಿ ಕೊಂಡಿತು. 2007ರಲ್ಲಿ ಆ ಊರಿನ ಕಾರ್ಖಾನೆ ಮುಚ್ಚಿತು.

ಈಗ ಮಲೆನಾಡಿಗೆ ಬರಬಹುದು. ಮಳೆಗಾಲದಲ್ಲಿ ನೀರಿಗೆ ಬರವಿಲ್ಲದ, ಬೇಸಿಗೆಯಲ್ಲಿ ಅಬ್ಬಿ ಬತ್ತುವ ನಾಡು ಇದು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಅನೇಕ ಮನೆಗಳ ಅಂಗಳಕ್ಕೆ ನಲ್ಲಿಯನ್ನು ತಂದಿದೆ. ಚದುರಿದ ಒಂಟಿ ಮನೆಗಳಿಗೆ, ಏರಿನ ಕೇರಿಗಳಿಗೆ ನೀರನ್ನು ಮುಟ್ಟಿಸುವುದು ಎಂದಿಗೂ ಕಷ್ಟದ ಕೆಲಸ. ಟೆಕ್ಸಾಸಿನ ಪಾಠ ಇಲ್ಲಿಗೂ ಸಲ್ಲುತ್ತದೆ. ಏಪ್ರಿಲಿನಲ್ಲೂ ನೀರಿರುವ ನಲ್ಲಿಯೇ ಮೊದಲ ಒಗೆಯುವ ಯಂತ್ರ. ಅದನ್ನು ಉಳಿಸುವುದು ಗುಡ್ಡದ ನೆತ್ತಿಯ ಕಾಡು.

ಎರಡನೆಯದಾಗಿ, ಮಲೆನಾಡಿನ ಒಗೆತದ ಕಷ್ಟ ಬಯಲುಸೀಮೆಯದಲ್ಲ. ಬಚ್ಚಲ ಹಂಡೆಯಲ್ಲಿ ಬಿಸಿನೀರು ಇದ್ದೇ ಇರುತ್ತದೆ. ಆದರೆ ಆಷಾಢದಲ್ಲಿ ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ. ಒಲೆಯ ಮೇಲೆ ಹರವಿ, ಹೊಗೆ ಹಿಡಿಸಿ, ಸೌದೆ ಸುಟ್ಟು ಒಣಗಿಸಬೇಕು. ಆದ್ದರಿಂದ ಇಲ್ಲಿನ ಮನೆಗೆ ಎಲ್ಲಕ್ಕಿಂತ ಉಪಕಾರಿಯಾದದ್ದು ನಾಲ್ಕನೆಯ ಕೆಲಸದ ಯಂತ್ರ, ಅಂದರೆ ಬಟ್ಟೆಯನ್ನು ಸುತ್ತಿಸಿ ನೀರನ್ನು ಸಿಡಿಸುವ ತೂತುಗಳ ಬುಟ್ಟಿ. ಹಿಂಡುವ ರೋಲರಿನ ಅಪಾಯ ಅದಕ್ಕಿಲ್ಲ, ನೀರು ಬೇಡ, ಬೇಕಾಗುವ ವಿದ್ಯುತ್ತೂ ಅಲ್ಪ.

ಮೂರನೆಯದು ತೋಟದ ಬಟ್ಟೆ. ಅಡಿಕೆಯ ಚೊಗರು ಹಿಡಿದದ್ದು ಕಲೆಯ ಮಾತಾಯಿತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನೋ ಬೇರೆ ಶಿಲೀಂಧ್ರನಾಶಕವನ್ನೋ ಸಿಂಪಡಿಸಿದವರ ಬಟ್ಟೆ ಆರೋಗ್ಯದ ಮಾತು. ಅದನ್ನು ಮಕ್ಕಳ ಬಟ್ಟೆಯೊಡನೆ ಒಂದೇ ಬಾನಿಗೆ ಹಾಕಬಾರದು, ಬರಿಗೈಯಲ್ಲಿ ಉಜ್ಜಬಾರದು, ಆ ನೀರನ್ನು ಹಳ್ಳಕ್ಕೆ ಬಿಡಬಾರದು. ಸಿಂಪಡಿಸುವವನಿಗೆ ಮುಖಗವಸಿನ ಬಗ್ಗೆ ಹೇಳುವ ಕರಪತ್ರಗಳು ಅವನ ಬಟ್ಟೆಯನ್ನು ಒಗೆಯುವವಳ ಕೈಗಳ ಬಗ್ಗೆಯೂ ಹೇಳಬೇಕು.

ನಾಲ್ಕನೆಯದು ದುರಸ್ತಿ. ಹಲ್ಲುಚಕ್ರ, ಬೆಲ್ಟ್, ಸಲಾಕೆಗಳ ಯಂತ್ರವನ್ನು ಊರಿನ ಕುಲುಮೆಯಲ್ಲಿ ಸರಿಪಡಿಸಬಹುದಿತ್ತು. ಮೊಹರು ಮಾಡಿದ ಎಲೆಕ್ಟ್ರಾನಿಕ್ ಹಲಗೆ ಮಿಂಚು ಸಿಡಿಲಿನ ಒಂದು ಸಂಜೆಯಲ್ಲಿ ಸುಟ್ಟರೆ ಯಂತ್ರವೇ ಗುಜರಿ. ದುರಸ್ತಿಯ ಹಕ್ಕನ್ನು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಚರ್ಚೆಗೆ ತಂದಿತು. ಆ ಹಕ್ಕಿನ ಅರ್ಥ ಪೇಟೆಯಿಂದ ಐವತ್ತು ಕಿಲೋಮೀಟರ್ ದೂರದ ಮನೆಗೆ ತಿಳಿದಷ್ಟು ಬೇರೆಯವರಿಗೆ ತಿಳಿಯಲಾರದು. ಕೇರಳದ ಮಲಪ್ಪುರಂ ಜಿಲ್ಲೆಯ ರೆಮ್ಯಾ ಜೋಸ್ ವಿದ್ಯಾರ್ಥಿನಿಯಾಗಿದ್ದಾಗಲೇ ಸೈಕಲ್ ಪೆಡಲಿನಿಂದ ನಡೆಯುವ ಒಗೆಯುವ ಯಂತ್ರವನ್ನು ಕಟ್ಟಿ, ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನದ ಮನ್ನಣೆ ಪಡೆದರು. ಸೈಕಲ್ ಅಂಗಡಿಯ ಸಾಮಾನಿನಿಂದ ಸರಿಯಾಗುವ ಯಂತ್ರ ಅದು. ಪಶ್ಚಿಮ ಘಟ್ಟದ ಆಚೆ ಸಾಧ್ಯವಾದದ್ದು ಈಚೆ ಅಸಾಧ್ಯವೇನಲ್ಲ.

ಆದ್ದರಿಂದ ಗುಡ್ಡಗಾಡಿನ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳ ಮುಂದೆ ಒಂದು ಕೆಲಸವನ್ನು ಇಡಬಹುದು. ಒಂದು ತಿಂಗಳ ಕಾಲ ತಮ್ಮ ಮನೆಯ ಒಗೆತದ ಲೆಕ್ಕವನ್ನು ಅವರು ಬರೆದಿಡಲಿ: ಎಷ್ಟು ಕೊಡ ನೀರು, ಎಷ್ಟು ಹೆಜ್ಜೆ ದೂರದಿಂದ, ಹೊತ್ತವರು ಯಾರು, ಉರಿಸಿದ ಸೌದೆ ಎಷ್ಟು, ಕಳೆದ ಹೊತ್ತೆಷ್ಟು, ಸಾಬೂನು ನೀರು ಕೊನೆಗೆ ಸೇರಿದ್ದು ಎಲ್ಲಿಗೆ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಇದನ್ನು ಮಾಡಬೇಕು. ಊರಿನ ಹತ್ತು ಮನೆಗಳ ಲೆಕ್ಕ ಕೂಡಿದರೆ ಅದನ್ನು ಗ್ರಾಮಸಭೆಯ ಮುಂದಿಡಬಹುದು. ರಸ್ತೆಗೂ ಚರಂಡಿಗೂ ಇರುವಂತೆ ಒಗೆಯುವ ಕಲ್ಲಿಗೂ ಒಂದು ಕಲಂ ಆಗ ತೆರೆಯುತ್ತದೆ. ಯಂತ್ರವನ್ನು ಕೊಳ್ಳುವುದೋ ಬಿಡುವುದೋ, ಯಾವುದನ್ನು ಕೊಳ್ಳುವುದೋ ಎಂಬುದನ್ನು ಆ ಲೆಕ್ಕವನ್ನು ನೋಡಿಕೊಂಡು ಆಯಾ ಮನೆಯವರು, ಮುಖ್ಯವಾಗಿ ಆ ಮನೆಯ ಹೆಣ್ಣುಮಕ್ಕಳು, ತೀರ್ಮಾನಿಸಲಿ.